ನೆರಳಿನ ಕಡೆಯ ಟೊಂಗೆ

ಬೇವಿನ ಟೊಂಗೆ ಮುರಿದು ಮೈಮೇಲೆ ಬಿದ್ದು ಗಂಡ ಚೇತನಕುಮಾರ ತೀರಿಕೊಂಡ ಮೇಲೆ ಶಾಂಭವಿ ಆ ಮರವನ್ನು ತಲೆಯೆತ್ತಿ ನೋಡಿರಲಿಲ್ಲ. ಕೆಂಭಾವಿ ಸಂತೆಯಿಂದ ಬಂದವನು ಮನೆ ಮುಂದೆ ಬೈಕ್ ನಿಲ್ಲಿಸುತ್ತಿದ್ದ, ಅಷ್ಟೇ. ಹುಳ ತಿಂದ ಟೊಂಗೆ, ಅವನ ಆಯುಷ್ಯವೂ ಮುಗಿದಿತ್ತು ಎಂದು ಶಹಾಪುರದ ಆ ಓಣಿಯೆಲ್ಲ ಹೇಳಿತ್ತು. ಅವಳು ಕೇಳಿಸಿಕೊಂಡಿದ್ದಳು.

ಈಗ ಕರೆಂಟಿನ ತಂತಿಗೆ ತಾಗುವ ಟೊಂಗೆಗಳನ್ನು ಸವರಲು ಮರ ಕಡಿಯುವ ಮಾನಪ್ಪ ಏಣಿ, ಗರಗಸ, ಹಗ್ಗ ತಂದಿದ್ದ. ಪ್ರತಿ ಬೇಸಿಗೆಯಲ್ಲೂ ಬರುವವನು. ತಂತಿ ಕಡೆಯದನ್ನೆಲ್ಲ ಬೋಳಿಸುತ್ತಿದ್ದ. ಮನೆ ಕಡೆಯದಕ್ಕೆ ಕೈಹಾಕಿದರೆ ಶಾಂಭವಿಯ ಅತ್ತೆ ಗೊಲ್ಲಾಳಮ್ಮ ಮರದ ಕಟ್ಟೆಯ ಮೇಲೆ ನಿಂತು ತಡೆಯುತ್ತಿದ್ದಳು. ಓಣಿಯ ಹೆಂಗಸರು ಕೂತು ಜೋಳ ಹಸನು ಮಾಡುವ ನೆರಳು ಅದು. ಮಾನಪ್ಪ ಚಹಾ ಕುಡಿದು ಹೋಗಿಬಿಡುತ್ತಿದ್ದ.

ಈ ಸಲ ಬಾಗಿಲ ಮೇಲೆ ಚಾಚಿದ್ದ ಇನ್ನೊಂದು ಟೊಂಗೆಯನ್ನು ಅವನೇ ತೋರಿಸಿ, ತೆಗೆಯಲೇ ಎಂದು ಕೇಳಿದ.

"ಹುಳ ತಿಂದದ್ದು ಬಿದ್ದು ಹೋತು. ಇದು ಹಸೀ ಐತಿ, ಮುಟ್ಟಬ್ಯಾಡ," ಎಂದಳು ಗೊಲ್ಲಾಳಮ್ಮ.

"ಚಾ ಕುಡಿಸಿ ಕಳಿಸೋದು ಬಿಡಂಗಿಲ್ಲ ನೀ, ಯವ್ವಾ," ಎಂದು ನಗಲು ಹೋದ ಮಾನಪ್ಪ, ಶಾಂಭವಿಯ ಮುಖ ಕಂಡು ಹಗ್ಗ ಸುತ್ತತೊಡಗಿದ.

ಶಾಂಭವಿ ಕಟ್ಟೆ ಹತ್ತಿದಳು. ಕಲಬುರಗಿಯಲ್ಲಿ ಸಸ್ಯಶಾಸ್ತ್ರ ಓದಿದವಳು. ಟೊಂಗೆ ಸೀಳಿದ ಜಾಗಕ್ಕೆ ಕೈಯಿಟ್ಟಳು. ಕೆಂಪು ತಿರುಳು ಗಟ್ಟಿಯಾಗಿತ್ತು. ಒಂದು ತೂತಿಲ್ಲ, ಹುಡಿಯಿಲ್ಲ. ಮೇಲೆ ನೋಡಿದಳು. ತಂತಿ ಕಡೆ ಟೊಂಗೆಯೇ ಉಳಿದಿರಲಿಲ್ಲ. ಮನೆ ಕಡೆಯ ಟೊಂಗೆಗಳು ಬೆಳಕಿಗಾಗಿ ಉದ್ದುದ್ದ ಚಾಚಿ, ತುದಿಯಲ್ಲಷ್ಟೇ ಸೊಪ್ಪು ಹೊತ್ತು ಜಗ್ಗುತ್ತಿದ್ದವು. ಕಟ್ಟೆಯ ಮೇಲೆ ಕೂತುಬಿಟ್ಟಳು.

ಹೇಳದಿದ್ದರೆ ಈ ಟೊಂಗೆ ಉಳಿಯುತ್ತದೆ. ಇದೂ ಮುರಿದಾಗ ಕೆಳಗೆ ಯಾರಾದರೂ ಇದ್ದೇ ಇರುತ್ತಾರೆ.

"ಅತ್ತಿ, ಬಿದ್ದ ಟೊಂಗಿಗಿ ಹುಳ ಹತ್ತಿದ್ದಿಲ್ರಿ."

"ಮತ್ತ್ಯಾಕ ಬಿತ್ತು?"

"ಆ ಕಡಿ ಅಷ್ಟೂ ಕಡದ್ರು. ಈ ಕಡಿ ಒಂದೂ ಕಡೀಲಿಲ್ಲ. ತುದಿ ಭಾರ ಆಗಿ, ಗಾಳಿಗಿ ತಡೀಲಿಲ್ರಿ."

ಮಾನಪ್ಪ ನೆಲ ನೋಡಿದ. ಗೊಲ್ಲಾಳಮ್ಮ ಬಾಗಿಲ ಮೇಲಿನ ಟೊಂಗೆಯನ್ನು ತಲೆಯೆತ್ತಿ ನೋಡಿದಳು. "ನಾ ಬಿಡಲಿಲ್ಲ," ಎಂದಳು. ಯಾರಿಗೆ ಹೇಳಿದಳೋ ಗೊತ್ತಾಗಲಿಲ್ಲ. ಶಾಂಭವಿ ನಿಮ್ಮ ತಪ್ಪಲ್ಲ ಎನ್ನಬೇಕೆಂದುಕೊಂಡಳು, ಆಗಲಿಲ್ಲ.

ಎಲ್ಲಿಗೆ ಕಡಿಯಲಿ ಎಂದು ಮಾನಪ್ಪ ಮೆಲ್ಲಗೆ ಕೇಳಿದ. ಬುಡಕ್ಕೆ ಬೇಡ, ಪಕ್ಕದ ಕವಲು ಒಡೆದ ಜಾಗದ ತನಕ ಎಂದು ಶಾಂಭವಿ ಕೈಯೆತ್ತಿ ತೋರಿಸಿದಳು. ಅವನು ಟೊಂಗೆಗೆ ಹಗ್ಗ ಬಿಗಿದು, ಕೊಯ್ದು, ಅಷ್ಟಷ್ಟೇ ಸಡಿಲಿಸುತ್ತ ಇಳಿಸಿದ. ಅದು ಸದ್ದಿಲ್ಲದೆ ನೆಲ ಮುಟ್ಟಿತು. ಆದರೂ ಅತ್ತೆ ಸೊಸೆ ಇಬ್ಬರೂ ಬೆಚ್ಚಿಬಿದ್ದರು.