ಒಣಗಿದ ಮೇಲೆ ನೋಡಿ

ನನ್ನ ಗಂಡನಿಗೆ ಪೇಂಟ್ ಅಂಗಡಿಯಿದೆ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಬಣ್ಣ ಅನ್ನುವುದು ಲೋಕದಲ್ಲಿ ತಮ್ಮೊಬ್ಬರ ಕಣ್ಣಿಗೇ ಕಾಣುವುದು ಎಂಬ ಜಂಬ ಬೇರೆ. ಗಿರಾಕಿ ಆಗತಾನೇ ಬಳಿದ ಗೋಡೆ ನೋಡಿ ಮುಖ ಸಿಂಡರಿಸಿದರೆ ಇವರದು ಒಂದೇ ಮಂತ್ರ: "ಹಸೀದು ನೋಡ್ಬೇಡಿ. ಒಣಗ್ಲಿ, ಆಮೇಲೆ ಮಾತಾಡಿ."

ಗೋಡೆಯ ಮಟ್ಟಿಗೆ ಆ ಮಂತ್ರ ನಡೆಯುತ್ತದೆ. ಇವರು ಅದನ್ನು ಹಿತ್ತಲಿನ ಈಜುಕೊಳಕ್ಕೂ ತಂದರು.

ಕೊಳ ಕಟ್ಟಿಸಿದ್ದು ಯಾರಾದರೂ ಈಜಲಿ ಅಂತಲ್ಲ, ನೆರೆಯವರು ನೋಡಲಿ ಅಂತ. ಅತ್ತೆಯ ಮಂಡಿ ಆಪರೇಷನ್ ಆದ ಮೇಲೆಯೇ ಅದಕ್ಕೊಂದು ಕೆಲಸ ಸಿಕ್ಕಿದ್ದು. ದಿನಾ ನೀರಲ್ಲಿ ನಡೆಯದಿದ್ದರೆ ಮಂಡಿ ಬಿಗಿದುಕೊಂಡುಬಿಡುತ್ತದೆ, ಆಮೇಲೆ ಏನು ಮಾಡಿದರೂ ಬಗ್ಗುವುದಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಮಗರಾಯರು ತಾವೇ ಹೋಗಿ ತಾಯಿಗೆ ಕಡುನೀಲಿ ಈಜುಡುಗೆ ಆರಿಸಿ ತಂದರು. ನೀರನ್ನು ಹದವಾಗಿಡುವ ಹೊಣೆಯನ್ನೂ ಹೊತ್ತರು.

ಹೊಣೆ ಎಂದರೆ ಮಹಾ ಏನಲ್ಲ. ಪರೀಕ್ಷೆಯ ಕಾಗದದ ಪಟ್ಟಿಯನ್ನು ನೀರಲ್ಲಿ ಅದ್ದಿ, ಬಂದ ಬಣ್ಣವನ್ನು ಡಬ್ಬಿಯ ಮೇಲಿನ ಬಣ್ಣಗಳ ಜೊತೆ ಹೋಲಿಸಿ, ಕ್ಲೋರಿನ್ ಹೆಚ್ಚೋ ಕಮ್ಮಿಯೋ ತಿಳಿಯುವುದು. ಬಣ್ಣ ಗಾಢವಾದಷ್ಟೂ ಕ್ಲೋರಿನ್ ಹೆಚ್ಚು. ಅದ್ದಿದ ಕೂಡಲೇ ನೋಡಬೇಕು ಅಂತ ಡಬ್ಬಿಯ ಮೇಲೇ ಬರೆದಿದೆ. ಇವರು ಪಟ್ಟಿಯನ್ನು ಕಿಟಕಿಯಲ್ಲಿ ಒಣಹಾಕಿ ಅಂಗಡಿಗೆ ಫೋನ್ ಮಾಡುತ್ತ ಕೂರುತ್ತಿದ್ದರು. ಅಷ್ಟರಲ್ಲಿ ಬಣ್ಣ ಹಾರಿಹೋಗಿ ಪಟ್ಟಿ ಬಿಳಿಚಿಕೊಂಡಿರುತ್ತಿತ್ತು. "ಕ್ಲೋರಿನ್ ಸಾಲ್ದು" ಎಂದು ಮತ್ತಷ್ಟು ಸುರಿಯುತ್ತಿದ್ದರು.

"ರೀ, ಒದ್ದೆ ಇದ್ದಾಗ್ಲೇ ನೋಡ್ಬೇಕಂತೆ, ಇಲ್ಲಿ ಬರೆದಿದೆ" ಎಂದೆ.

"ಅದು ಬಣ್ಣದ ಗಂಧಗಾಳಿ ಇಲ್ಲದೋರಿಗೆ ಬರೆದಿರೋದು. ನಂಗೆ ಹೇಳ್ಕೊಡೋಕೆ ಬರ್ಬೇಡ."

ದಿನ ಕಳೆದಂತೆ ಆ ನೀರಿಗೆ ಅತ್ತೆಯ ಕಣ್ಣು ಉರಿದು ಕೆಂಪಾಯಿತು. ಮೈಮೇಲೆ ದದ್ದು ಎದ್ದಿತು. ಮಗನ ಮನಸ್ಸು ನೋಯುತ್ತದೆಂದು, ಪಾಪ, ಉದ್ದ ತೋಳಿನ ಅಂಗಿ ಹಾಕಿಕೊಂಡು ಮುಚ್ಚಿಟ್ಟರು. ಕೊನೆಗೊಂದು ಬೆಳಗ್ಗೆ, "ನಾನಿನ್ನು ನೀರಿಗಿಳಿಯಲ್ಲ ಕಣೇ. ಮಂಡಿ ಬಗ್ಗದಿದ್ರೆ ಬೇಡ" ಎಂದು ಕುರ್ಚಿ ಹಿಡಿದು ಕೂತುಬಿಟ್ಟರು.

ನನಗೆ ಮೈಯೆಲ್ಲ ಉರಿದುಹೋಯಿತು. ಅವರು ಹಲ್ಲು ಕಚ್ಚಿ ಅರ್ಧದವರೆಗೆ ಬಗ್ಗಿಸಿಕೊಂಡಿದ್ದ ಮಂಡಿ, ಇವರ ಜಂಬಕ್ಕೆ ಕೊರಡಾಗಬೇಕೆ? ಹಗ್ಗದ ಮೇಲಿದ್ದ ಈಜುಡುಗೆಯನ್ನು ಎಳೆದು ತಂದು ಗಂಡನ ಮುಂದೆ ಹರವಿದೆ.

"ಚೆನ್ನಾಗಿ ಒಣಗಿದೆ. ಈಗ್ಲಾದ್ರೂ ಬಣ್ಣ ನೋಡಿ ಹೇಳಿ."

ಕಡುನೀಲಿ ಹೋಗಿ ಬೂದಿ ಬಣ್ಣಕ್ಕೆ ತಿರುಗಿತ್ತು. ತಾವೇ ಆರಿಸಿದ ಬಣ್ಣ, ಗುರುತು ಹತ್ತದೆ ಇರುತ್ತದೆಯೇ? ಹುಬ್ಬು ಮೇಲೇರಿತು, ಕೆಳಗಿಳಿಯಿತು. ಆಮೇಲೆ ಅಪ್ಪಣೆಯಾಯಿತು: "ಬಟ್ಟೇದೇ ಕಳಪೆ ಬಣ್ಣ. ಅಂಗಡಿಯವ್ನು ಟೋಪಿ ಹಾಕಿದ್ದಾನೆ."

ಅತ್ತೆ ಮೆಲ್ಲಗೆ ಅಂಗಿಯ ತೋಳು ಮೇಲಕ್ಕೆ ಸರಿಸಿದರು. ಮೊಣಕೈವರೆಗೂ ಕೆಂಪಗೆ ಸುಲಿದ ಚರ್ಮ.

"ಇದನ್ನ ಯಾವ ಅಂಗಡಿಯವ್ನು ಕೊಟ್ಟಿದ್ದು, ಹೇಳಪ್ಪ?"

ಮಾತಿನಮಲ್ಲರು ಎದ್ದು ಹೋಗಿ ಹೊಸ ಪಟ್ಟಿ ಅದ್ದಿದರು. ನೀರು ತೊಟ್ಟಿಕ್ಕುತ್ತಿರುವಾಗಲೇ ನೋಡಿದರು. ಡಬ್ಬಿಯ ಮೇಲಿನ ಕೊನೆಯ ಬಣ್ಣಕ್ಕಿಂತಲೂ ಗಾಢವಾದ ನೇರಳೆ. ಕ್ಲೋರಿನ್ ಡಬ್ಬವನ್ನು ಕಪಾಟಿಗೆ ಹಾಕಿ ಬೀಗದ ಕೈ ನಾನಿಟ್ಟುಕೊಂಡೆ.

ಬಿಸಿಲಿಗೆ ಕ್ಲೋರಿನ್ ಇಳಿದು, ಚರ್ಮ ವಾಸಿಯಾದ ಮೇಲೆ ಅತ್ತೆ ನನ್ನ ಕೈ ಹಿಡಿದು ಮೆಟ್ಟಿಲಿಳಿದರು. ನೀರು ಪಾದಕ್ಕೆ ತಾಗುತ್ತಲೇ ನಿಂತರು.

"ನೀರು ಈಗ ಸರಿಯಾಗಿದೆ ಅಮ್ಮ" ಎಂದರು ಮಗ, ದಡದಿಂದ.

ಅತ್ತೆ ನನ್ನ ಮುಖ ನೋಡಿದರು. ನಾನು ಹೂಂ ಎಂದ ಮೇಲೆಯೇ ಮುಂದಿನ ಮೆಟ್ಟಿಲಿಗೆ ಕಾಲಿಟ್ಟರು.