ಉನ್ನತಿಗೊಂದು ತಿದ್ದುಪಡಿ

ಏಣಿಯ ತುದಿಯಲ್ಲಿ ನಿಂತು ವಿಶಾಲಾಂಬ ಟೀಚರ್ ತಮ್ಮ ಮನೆಯ ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ನಾನು ಕೆಳಗೆ ಅರ್ಧ ಹಾಳೆ ಹಿಡಿದು ನಿಂತಿದ್ದೆ.

ನಾನು ಕೆಲಸ ಮಾಡುತ್ತಿದ್ದ ವಾರಪತ್ರಿಕೆಯಲ್ಲಿ ಒಂದು ಕಟ್ಟುಪಾಡಿತ್ತು. ತಪ್ಪು ಬರೆದವನೇ ತಿದ್ದುಪಡಿ ಬರೆದು, ತಪ್ಪು ತೋರಿಸಿದವರ ಮನೆಗೆ ಹೋಗಿ ಓದಿ ಹೇಳಿ, ಅವರ ಸಹಿ ತರಬೇಕು. ತಪ್ಪು ಎಲ್ಲಿಂದ ಬಂತು ಎಂಬುದೂ ಅದರಲ್ಲಿರಬೇಕು.

ಪ್ರತಿ ವಾರ ಒಂದು ಪದದ ಹುಟ್ಟು ಹೇಳುವ ಪುಟ್ಟ ಅಂಕಣ ನನ್ನದು. ಆ ವಾರದ ಪದ 'ಉನ್ನತಿ'. ಎತ್ತರಕ್ಕೂ ಅದೇ ಪದ, ಗೌರವಕ್ಕೂ ಅದೇ ಪದ ಎಂದು ಸರಿಯಾಗಿಯೇ ಶುರು ಮಾಡಿ, 'ಉತ್' ಎಂದರೆ ಮೇಲೆ, 'ನತಿ' ಎಂದರೆ ಏರುವುದು ಎಂದು ಮುಗಿಸಿದ್ದೆ. ಮೂರನೇ ದಿನ ಟೀಚರ್ ಬರೆದ ಕಾರ್ಡು ಬಂತು: ನತಿ ಎಂದರೆ ಬಾಗುವುದು, ಏರುವುದಲ್ಲ. ಸಂಪಾದಕ ಚನ್ನವೀರಪ್ಪನವರು ನಿಘಂಟು ತೆಗೆದು ನೋಡಿದರು. ಸಂಜೆಯೊಳಗೆ ಸಹಿ ಬರದಿದ್ದರೆ ಅಂಕಣ ನಿಲ್ಲಿಸಿ ಆ ಜಾಗಕ್ಕೆ ಪೇಟೆ ಧಾರಣೆ ಹಾಕುವುದಾಗಿ ಶಾಂತವಾಗಿ ತಿಳಿಸಿದರು.

"ಗಟ್ಟಿಯಾಗಿ ಓದಪ್ಪ. ಇಲ್ಲೀವರೆಗೂ ಕೇಳಿಸಬೇಕಲ್ಲ" ಎಂದರು ಟೀಚರ್.

ಓದಿದೆ. ಉನ್ನತಿ ಎಂದರೆ ಮೇಲಕ್ಕೆ ಬಾಗುವುದು. ಅದರಿಂದ ಏರಿಕೆ, ಎತ್ತರ, ಮರ್ಯಾದೆ. ಅಲ್ಲಿಯವರೆಗೆ ಬ್ರಷ್ಷು ನಿಲ್ಲಲಿಲ್ಲ. 'ಲೇಖಕನ ಆತುರದಿಂದ ಈ ತಪ್ಪಾಗಿದೆ' ಎಂದಾಗ ನಿಂತಿತು.

"ಆತುರಾನಾ?"

"ಹೌದು ಟೀಚರ್."

"ಸ್ಕೂಲಲ್ಲೂ ನಿಂಗೆ ಸುಳ್ಳು ಹೇಳೋಕೆ ಬರ್ತಿರ್ಲಿಲ್ಲ. ಇನ್ನೂ ಕಲ್ತಿಲ್ಲ ನೋಡು."

ನಿಜ ನನಗೆ ಗೊತ್ತಿತ್ತು. ಬೆಳಗ್ಗೆಯಷ್ಟೇ ಹಳೆಯ ಟ್ರಂಕಿನಿಂದ ಆರನೇ ಕ್ಲಾಸಿನ ನೋಟ್‌ಬುಕ್ ತೆಗೆದಿದ್ದೆ. 'ನತಿ ಎಂದರೆ ಏರುವುದು' ಎಂದು ನನ್ನದೇ ದುಂಡನೆಯ ಅಕ್ಷರದಲ್ಲಿತ್ತು. ಹೇಳಿ ಬರೆಸಿದ್ದವರು ಇದೇ ಟೀಚರ್. ಮೂವತ್ತು ವರ್ಷ ಪಾಠ ಮಾಡಿ, ಅರ್ಧ ಊರಿನಿಂದ ಕೈಮುಗಿಸಿಕೊಳ್ಳುವವರ ಹೆಸರನ್ನು ತಪ್ಪಿನ ಪಕ್ಕ ಅಚ್ಚು ಹಾಕಲು ನನಗೆ ಮನಸ್ಸಾಗಿರಲಿಲ್ಲ.

ಟೀಚರ್ ಒಂದೊಂದೇ ಮೆಟ್ಟಿಲಾಗಿ ಏಣಿ ಇಳಿದು ಬಂದರು. ಆ ವರ್ಷ ಹೆಡ್‌ಮಾಸ್ಟರು ಲೆಕ್ಕದ ಟೀಚರಾದ ತಮಗೆ ಕನ್ನಡದ ಕ್ಲಾಸನ್ನೂ ಹಚ್ಚಿದ್ದರಂತೆ. ಹಿಂದಿನ ಬೆಂಚಿನಿಂದ ಯಾರೋ ನತಿ ಎಂದರೇನು ಎಂದು ಕೇಳಿದಾಗ, ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟರಂತೆ.

"ಸರಿ ಅರ್ಥ ಗೊತ್ತಾಗೋ ಹೊತ್ತಿಗೆ ನೀವೆಲ್ಲ ಪಾಸಾಗಿ ಹೋಗಿದ್ರಿ. ಹೋದ ವಾರ ಪೇಪರ್ ತೆಗೆದ್ರೆ ನನ್ನ ತಪ್ಪು ನಿನ್ನ ಹೆಸರಲ್ಲಿ ಕೂತಿದೆ."

"ಊರಲ್ಲಿ ಏನಂದ್ಕೋತಾರೆ ಟೀಚರ್?"

"ಅಂದ್ಕೊಳ್ಲಿ ಬಿಡು. ಆತುರ ಹೊಡೆದುಹಾಕಿ ನನ್ನ ಹೆಸರು ಬರಿ, ಇನಿಷಿಯಲ್ ಸಮೇತ. ಇಲ್ದಿದ್ರೆ ಸಹಿ ಹಾಕಲ್ಲ."

ಏಣಿಯ ಮೆಟ್ಟಿಲ ಮೇಲೆ ಹಾಳೆಯಿಟ್ಟು ತಿದ್ದಿದೆ. ಸುಣ್ಣದ ಬೆರಳಲ್ಲೇ ಸಹಿ ಬಿತ್ತು. ಚನ್ನವೀರಪ್ಪನವರು ಅದನ್ನು ಎರಡು ಸಲ ಓದಿ, ಅಚ್ಚಿನ ಮೊಳೆ ಜೋಡಿಸಿಟ್ಟಿದ್ದ ಪೇಟೆ ಧಾರಣೆಯನ್ನು ತೆಗೆಸಿದರು.

ಪತ್ರಿಕೆ ಶನಿವಾರ ಬಂತು. ಭಾನುವಾರ ಅಳುಕುತ್ತಲೇ ಆ ಬೀದಿಗೆ ಹೋದೆ. ಟೀಚರ ಜಗಲಿಯ ಮೇಲೆ ಏಳೆಂಟು ಜನ ಹಳೆಯ ವಿದ್ಯಾರ್ಥಿಗಳು ಕೂತಿದ್ದರು. ಒಬ್ಬ ದರ್ಜಿ, ಒಬ್ಬಳು ನರ್ಸ್, ನರೆತ ಮೀಸೆಯ ಒಬ್ಬ ಪೋಸ್ಟ್‌ಮ್ಯಾನ್. ಕ್ಲಾಸಿನಲ್ಲಿ ಕೇಳಲು ಹೆದರಿದ್ದನ್ನೆಲ್ಲ ಈಗ ಸರದಿಯಲ್ಲಿ ಕೇಳುತ್ತಿದ್ದರು. ಒಂದಕ್ಕೆ ಟೀಚರ್, ಗೊತ್ತಿಲ್ಲ, ನೋಡಿ ಹೇಳ್ತೀನಿ, ಎಂದರು. ಆಮೇಲೆ ನನ್ನನ್ನು ಕಂಡು ಒಳಗೆ ಹೋಗಿ ಇನ್ನೊಂದು ಚಾಪೆ ತಂದು ಹಾಸಿದರು.