ಬೆನ್ನಿಗೆ ಹಾಕುವ ಸೂಜಿ

ಮಿರಜದ ಆ ಓಣಿಯಲ್ಲಿ ಇಂದುಮತಿಗೆ ಎದುರು ಮಾತಾಡುವವರು ಕಡಿಮೆ. ಮಗಳು ಕೇತಕಿ ಚೊಚ್ಚಲ ಹೆರಿಗೆಗೆಂದು ಪುಣೆಯಿಂದ ತವರಿಗೆ ಬಂದವಳು, "ಆಯಿ, ಈಗ ಬೆನ್ನಿಗೊಂದು ಸೂಜಿ ಹಾಕ್ತಾರಂತ, ಬ್ಯಾನಿನೇ ತಿಳಿಯೂದಿಲ್ಲಂತ. ನಾ ಹಾಕಿಸ್ಕೊಳ್ಳಾಕಿನೇ" ಅಂದಾಗ ಇಂದುಮತಿ ಕಟ್ಟುತ್ತಿದ್ದ ಅಂಟಿನುಂಡೆಯನ್ನು ತಟ್ಟೆಗೆ ಒಗೆದು ಸೆಟೆದು ನಿಂತಿದ್ದಳು.

"ಬ್ಯಾನಿ ತಿನ್ನದನ ತಾಯಿ ಆಗಾಕಿ ಏನ? ನಾ ನಿನ್ನ ಹಡಿಯೋ ಮುಂದ ತುಟಿ ಪಿಟಕ್ಕನ್ನಲಿಲ್ಲ. ಬ್ಯಾನಿ ತಿಂದಷ್ಟೂ ಕೂಸು ಗಟ್ಟಿಯಾಗಿ ಅಳತೈತಿ. ಸೂಜಿ-ಗೀಜಿ ಅಂದ್ರ ನಿಮ್ಮ ಅತ್ತಿ ಮನಿಗೇ ನಡಿ!"

ಅಳಿಯ ಸಮೀರ ಫೋನಿನಲ್ಲಿ ಮೆಲ್ಲಗೆ ಹೆಂಡತಿಯ ಪರ ಮಾತಾಡಿದ. ಅವನಿಗೂ ಮಂಗಳಾರತಿಯಾಯಿತು. ಕಡೆಗೆ ಕೇತಕಿ ನಕ್ಕು ಸೋತಳು. ಗೆದ್ದ ಖುಷಿಗೆ ಇಂದುಮತಿ ಅಂದು ಪೂರಣಪೋಳಿ ಮಾಡಿದಳು. ಇಂಥ ಗೆಲುವು ಶತ್ರುವಿಗೂ ಬೇಡ.

ದಿನ ತುಂಬಿದ ಮೇಲೆ ಒಂದು ಬೆಳಿಗ್ಗೆ ಹೊಟ್ಟೆಯೊಳಗಿನ ಕೂಸು ಆಡಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೊಟ್ಟೆಯ ಮೇಲೆ ಯಂತ್ರ ಆಡಿಸಿ ನೋಡಿದರು, ಇನ್ನೊಬ್ಬರನ್ನು ಕರೆಸಿ ನೋಡಿಸಿದರು. ಕೂಸಿನ ಎದೆಬಡಿತ ನಿಂತುಹೋಗಿತ್ತು. ಹೊಟ್ಟೆ ಕೊಯ್ಯುವುದು ಬೇಡ, ಬೇನೆ ಬರಿಸಿ ಹೆರಿಗೆ ಮಾಡಿಸುವುದೇ ಒಳ್ಳೆಯದು, ನೋವು ತಿಳಿಯದಂತೆ ಬೆನ್ನಿಗೆ ಸೂಜಿ ಹಾಕುತ್ತೇವೆ ಎಂದರು.

"ಹಾಕ್ರಿ, ಈಗೇ ಹಾಕ್ರಿ," ಎಂದು ಇಂದುಮತಿ ಕೈಮುಗಿದಳು.

"ನನಗ ಬ್ಯಾಡ," ಎಂದಳು ಕೇತಕಿ.

ಬೇನೆ ಶುರುವಾಯಿತು. ಕೇತಕಿ ಮಂಚದ ಕಂಬಿ ಹಿಡಿದು, ಹಲ್ಲು ಕಚ್ಚಿ, ಒಂದೊಂದನ್ನೂ ನುಂಗಿದಳು. ಪುಣೆಯಿಂದ ಓಡಿಬಂದ ಸಮೀರ ಬೇಡಿಕೊಂಡ, ನರ್ಸು ಗದರಿದಳು. ಯಾರ ಮಾತೂ ನಡೆಯಲಿಲ್ಲ. ಕಚ್ಚಿ ಕಚ್ಚಿ ಅವಳ ತುಟಿ ಒಡೆದು ರಕ್ತ ಬಂತು.

"ಯಾಕ ಹಟ ಮಾಡ್ತಿ ನನ್ನವ್ವಾ? ಯಾರ ಸಲುವಾಗಿ?" ಇಂದುಮತಿ ಅವಳ ಹಣೆ ಒರೆಸಿದಳು.

ಕೇತಕಿ ತಾಯಿಯನ್ನು ಹತ್ತಿರಕ್ಕೆಳೆದು ಕಿವಿಯಲ್ಲಿ ಹೇಳಿದಳು. "ಯಾರಿಗೂ ಹೇಳಬ್ಯಾಡ ಆಯಿ. ಮಷೀನು ತಪ್ಪತಾವ. ನೀನೇ ಹೇಳಿಯಲ್ಲ, ಬ್ಯಾನಿ ತಿಂದಷ್ಟೂ ಕೂಸು ಗಟ್ಟಿಯಾಗಿ ಅಳತೈತಿ ಅಂತ. ನಾ ಎಲ್ಲಾ ತಿಂತೀನಿ. ಒಂದೂ ಬಿಡೂದಿಲ್ಲ."

ಸುಮ್ಮನಿದ್ದರೆ ಮಗಳು ಈ ಆಸೆಯಲ್ಲೇ ಜೀವ ತೇಯುತ್ತಾಳೆ. ಬಾಯಿಬಿಟ್ಟರೆ ಆ ಆಸೆಯನ್ನು ತಾನೇ ಕೈಯಾರೆ ಕೊಂದಂತೆ. ಅಷ್ಟರಲ್ಲಿ ಮತ್ತೊಂದು ಬೇನೆ ಎದ್ದು ಕೇತಕಿಯ ಕಣ್ಣು ಮೇಲಾದವು.

"ಸುಳ್ಳು ಹೇಳಿದ್ನಿ," ಎಂದಳು ಇಂದುಮತಿ. "ನೀ ಹುಟ್ಟೋ ಮುಂದ ನಾ ಆಸ್ಪತ್ರಿ ಕಿತ್ತು ಹೋಗೋಹಂಗ ಒದರಿದ್ನಿ. ಏನಾದ್ರೂ ಕೊಟ್ಟು ಬ್ಯಾನಿ ನಿಲ್ಲಸ್ರಿ ಅಂತ ನರ್ಸಿನ ಕಾಲ ಹಿಡದಿದ್ನಿ. ಯಾರೂ ಕೊಡಲಿಲ್ಲ, ಅದಕ್ಕ ತಿಂದ್ನಿ. ಬ್ಯಾನಿಗೂ ಕೂಸಿಗೂ ಏನೂ ಸಂಬಂಧ ಇಲ್ಲ ಮಗಳ. ನಮ್ಮ ಕೂಸು ಅಳೂದಿಲ್ಲ."

ಆ ಬೇನೆ ಇಳಿಯಿತು. ಕೇತಕಿ ಗೋಡೆಯತ್ತ ಹೊರಳಿ ಸೂಜಿಗೆ ಬೆನ್ನು ಕೊಟ್ಟಳು.

ಸ್ವಲ್ಪ ಹೊತ್ತಿಗೆ ಅವಳ ಮೈ ಸಡಿಲಾಯಿತು. ಕಂಬಿ ಹಿಡಿದಿದ್ದ ಬೆರಳುಗಳು ಬಿಟ್ಟುಕೊಂಡವು. "ಈಗ ಆರಾಮ ಆತಿಲ್ಲ ತಂಗಿ?" ಎಂದಳು ನರ್ಸು.

"ಬ್ಯಾನಿ ಇದ್ದಾಗ ಒಳಗ ಯಾರೋ ಇದ್ದಾರ ಅನಸ್ತಿತ್ತು," ಎಂದಳು ಕೇತಕಿ, ಯಾರ ಕಡೆಗೂ ನೋಡದೆ. "ಈಗ ಯಾರೂ ಇಲ್ಲ."

ಇಂದುಮತಿ ಅವಳ ಕೈ ಹಿಡಿಯಲು ಹೋದಳು. ಕೇತಕಿ ಕೈಯನ್ನು ಮೆಲ್ಲಗೆ ಎಳೆದುಕೊಂಡು ಹೊದಿಕೆಯೊಳಗೆ ಇಟ್ಟುಕೊಂಡಳು.